ಒಂಟೆ ಬೇಗ ಹೊರಡಲಿ

(ಮುಂಬೈಯ ಮಾಟುಂಗದಲ್ಲಿ ಭಾನುವಾರ ಸಂಜೆ ಕನ್ನಡ ಮಕ್ಕಳು ಮತ್ತು ಪೋಷಕರ ಮುಂದೆ ಚದುರಂಗದ ಬಗ್ಗೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಗೋಡೆಗೆ ನೇತುಹಾಕಿದ ದೊಡ್ಡ ಬೋರ್ಡ್ ಇತ್ತು, ಇಲ್ಲಿ ಇಲ್ಲ. ಓದುವವರು ಪಕ್ಕದಲ್ಲಿ ಒಂದು ಬೋರ್ಡ್ ಇಟ್ಟುಕೊಂಡರೆ ಒಳ್ಳೆಯದು. ಬಿಳಿಯ ಎಡಗಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಬರೀ ಮನೆಯ ಹೆಸರು ಹೇಳಿದರೆ ಅಲ್ಲಿಗೆ ಕಾಲಾಳು ಹೋಯಿತು ಅಂತ. ಒಂಟೆ ಅಂದರೆ ಬಿಷಪ್, ಮಂತ್ರಿ ಅಂದರೆ ಕ್ವೀನ್, ಆನೆ ಅಂದರೆ ರೂಕ್.)

ಎಲ್ಲರಿಗೂ ನಮಸ್ಕಾರ. ಹಳಿ ದುರಸ್ತಿಗೆ ಲೋಕಲ್ ರೈಲು ಕಡಿಮೆಯಾಗುವ ಮೆಗಾ ಬ್ಲಾಕ್ ದಿನ ಡೊಂಬಿವಲಿ, ಥಾಣೆ ಕಡೆಯಿಂದ ಇಷ್ಟು ಜನ ಬಂದಿದ್ದೀರಿ ಅಂದ್ರೆ ದೊಡ್ಡ ಮಾತು. ಮಕ್ಕಳು ಮುಂದೆ ಕೂತಿದ್ದಾರೆ, ಅಪ್ಪ ಅಮ್ಮಂದಿರು ಹಿಂದೆ. ಇವತ್ತಿನ ಮಾತು ಮಕ್ಕಳಿಗೆ. ಆದರೆ ಹಿಂದಿನ ಸಾಲಿನವರು ಮೊಬೈಲ್ ಒಳಗಿಟ್ಟು ಕೇಳಿದರೆ ಅವರಿಗೂ ಸ್ವಲ್ಪ ಸಿಗಬಹುದು.

ನನ್ನ ಚದುರಂಗದ ತರಗತಿಗೆ ಹೊಸದಾಗಿ ಸೇರಿಸುವಾಗ ಪೋಷಕರು ಒಂದು ಮಾತು ಹೇಳುತ್ತಾರೆ. "ಸರ್, ಇವನಿಗೆ ಅಟ್ಯಾಕಿಂಗ್ ಆಟ ಕಲಿಸಿ. ಸುಮ್ನೆ ಡಿಫೆನ್ಸ್ ಆಡಿಕೊಂಡು ಕೂರೋದು ಬೇಡ." ಒಳ್ಳೆಯ ಆಸೆ. ನನಗೂ ಅದೇ ಇಷ್ಟ. ಆದರೆ ಅವರ ಮನಸ್ಸಿನಲ್ಲಿರುವ ಅಟ್ಯಾಕ್ ಅಂದರೆ ಮಗ ಧೈರ್ಯವಂತ, ಎದುರಾಳಿ ಹೆದರಿದ, ಹತ್ತು ನಡೆಯಲ್ಲಿ ಆಟ ಮುಗಿಯಿತು, ಅಷ್ಟೇ. ನಾನು ಕಂಡ ಹಾಗೆ ದಾಳಿ ಮಾಡುವವನಿಗೆ ಧೈರ್ಯಕ್ಕಿಂತ ಜಾಸ್ತಿ ಬೇಕಾಗಿರುವುದು ಎಣಿಕೆ. ನನ್ನ ಕಾಯಿ ಎಷ್ಟು ಹೊರಗೆ ಬಂದಿದೆ, ಅವನದು ಎಷ್ಟು? ಯಾವ ಕಾಯಿ ಒಂದೇ ಕೆಲಸಕ್ಕೆ ಎರಡು ಸಲ ಓಡಾಡಿತು? ಇದನ್ನು ಎಣಿಸಲು ಬಂದ ಮಗು ದಾಳಿ ಮಾಡಬಹುದು. ಬರದ ಮಗು ಬರೀ ಗಲಾಟೆ ಮಾಡುತ್ತದೆ. ಇವತ್ತು ಒಂಟೆಯಿಂದ ಶುರುವಾಗುವ ಒಂದು ದಾಳಿಯನ್ನು ಹಿಡಿದು ಈ ಎಣಿಕೆಯನ್ನೇ ತೋರಿಸುತ್ತೇನೆ.

ಮೊದಲು ಒಂಟೆ ಎಲ್ಲಿಗೆ ಹೊರಟಿದೆ ಅಂತ ನೋಡೋಣ. ಆಟ ಶುರುವಾಗುವ ಮೊದಲು ಕಪ್ಪಿನ ಎಂಟು ಕಾಲಾಳುಗಳನ್ನು ಒಂದೊಂದಾಗಿ ನೋಡಿ. ಎ7ನ್ನು ಆನೆ ಕಾಯುತ್ತದೆ. ಬಿ7ನ್ನು ಒಂಟೆ. ಸಿ7ನ್ನು ಮಂತ್ರಿ. ಡಿ7 ಮತ್ತು ಇ7ಕ್ಕೆ ನಾಲ್ಕು ನಾಲ್ಕು ಕಾವಲು. ಜಿ7ಕ್ಕೆ ಒಂಟೆ ಇದೆ, ಎಚ್7ಕ್ಕೆ ಆನೆ ಇದೆ. ಎಫ್7ಕ್ಕೆ? ರಾಜ ಒಬ್ಬನೇ. ಕಾಯಬೇಕಾದವನನ್ನೇ ಕಾವಲಿಗೆ ಹಾಕಿದ ಮನೆ ಅದು. ಬಿಳಿ ಇ4 ಆಡಿದ ಕೂಡಲೇ ಎಫ್1ರಲ್ಲಿರುವ ಒಂಟೆಗೆ ದಾರಿ ತೆರೆಯಿತು. ಅದು ಸಿ4ಕ್ಕೆ ಬಂದರೆ ಡಿ5, ಇ6 ದಾಟಿ ನೇರ ಎಫ್7ನ್ನೇ ನೋಡುತ್ತದೆ. ಇಟಾಲಿಯನ್ ಆಟ ಅನ್ನುವ ಆರಂಭದ ಬುಡದಲ್ಲಿ ಇರುವುದು ಇಷ್ಟೇ.

ಇದನ್ನು ಕಂಡ ಕೂಡಲೇ ಮಕ್ಕಳು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ಮಂತ್ರಿಯನ್ನು ಎಚ್5ಕ್ಕೆ ತರುತ್ತಾರೆ. ನಾಲ್ಕು ನಡೆಯ ಮೇಟ್. ದಾದರಿನ ಯಾವುದೇ ಮಕ್ಕಳ ಸ್ಪರ್ಧೆಗೆ ಹೋಗಿ, ಮೊದಲ ಸುತ್ತಿನಲ್ಲೇ ನಾಲ್ಕೈದು ಬೋರ್ಡಿನಲ್ಲಿ ಇದು ಕಾಣುತ್ತದೆ. ಎರಡನೇ ಸುತ್ತಿನಲ್ಲಿ ಅದೇ ಮಕ್ಕಳು ಅಳುತ್ತಾ ಹೊರಗೆ ಬರುತ್ತಾರೆ.

ಯಾಕೆ ಅಂತ ಎಣಿಸಿ ನೋಡೋಣ. ಬಿಳಿ ಇ4, ಕಪ್ಪು ಇ5. ಬಿಳಿ ಒಂಟೆ ಸಿ4ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಮಂತ್ರಿ ಎಚ್5ಕ್ಕೆ, ಕಪ್ಪು ಹೆದರದೆ ಜಿ6. ಮಂತ್ರಿ ಓಡಲೇಬೇಕು. ಎಫ್3ಕ್ಕೆ ಬಂದು ಮತ್ತೆ ಎಫ್7 ನೋಡುತ್ತದೆ. ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದು ದಾರಿ ಮುಚ್ಚುತ್ತದೆ. ಈಗ ನಿಲ್ಲಿಸಿ. ಕಪ್ಪಿನ ಎರಡೂ ಕುದುರೆ ತಮ್ಮ ಒಳ್ಳೆಯ ಮನೆಯಲ್ಲಿವೆ, ಒಂಟೆಗೆ ಜಿ7 ಸಿದ್ಧವಾಗಿದೆ. ಬಿಳಿಯ ಮಂತ್ರಿ ಎರಡು ನಡೆ ತಿಂದು, ತನ್ನದೇ ಕುದುರೆ ಬರಬೇಕಾದ ಎಫ್3ರಲ್ಲಿ ಕೂತಿದೆ. ಮೊದಲ ನಡೆ ಬಿಳಿಯದಾಗಿತ್ತು. ಆ ಲಾಭ ನಾಲ್ಕು ನಡೆಯೊಳಗೆ ಖರ್ಚಾಯಿತು. ಬೆದರಿಕೆ ಹಾಕಿದ್ದು ಬಿಳಿ, ಸಮಯ ಗಳಿಸಿದ್ದು ಕಪ್ಪು.

ಒಂಟೆ ಬೇಗ ಹೊರಡಲಿ, ತೊಂದರೆಯಿಲ್ಲ. ಮಂತ್ರಿಗೆ ಅವಸರ ಬೇಡ. ಒಂಟೆಯನ್ನು ಓಡಿಸಲು ಎದುರಾಳಿಗೆ ಕಷ್ಟ, ಮಂತ್ರಿಯನ್ನು ಓಡಿಸಲು ಒಂದು ಕಾಲಾಳು ಸಾಕು.

ಮುಂದಿನ ಮೆಟ್ಟಿಲು ಫ್ರೈಡ್ ಲಿವರ್ ಅನ್ನುವ ದಾಳಿ. ಇಲ್ಲಿರುವ ಅರ್ಧ ಮಕ್ಕಳಿಗೆ ಯೂಟ್ಯೂಬ್ ಇದನ್ನು ಆಗಲೇ ಕಲಿಸಿದೆ, ಹೆಸರು ಕೇಳಿದರೇ ನಗುತ್ತಾರೆ. ಇ4 ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4, ಕುದುರೆ ಎಫ್6. ಈಗ ಬಿಳಿ ಕುದುರೆ ಜಿ5ಕ್ಕೆ ಜಿಗಿಯುತ್ತದೆ. ಎಫ್7ರ ಮೇಲೆ ಇಬ್ಬರ ಕಣ್ಣು. ಕಪ್ಪು ಡಿ5 ಆಡಿ ಒಂಟೆಯ ದಾರಿ ತಡೆಯುತ್ತದೆ, ಬಿಳಿ ಆ ಕಾಲಾಳನ್ನು ಹೊಡೆಯುತ್ತದೆ. ಇಲ್ಲಿ ಕಪ್ಪು ಕುದುರೆಯಿಂದ ವಾಪಸ್ ಹೊಡೆದರೆ ಬಿಳಿ ಕುದುರೆ ಎಫ್7ರಲ್ಲಿ ಬೀಳುತ್ತದೆ. ರಾಜ ಅದನ್ನು ತಿನ್ನುತ್ತಾನೆ. ಮಂತ್ರಿ ಎಫ್3ರಿಂದ ಚೆಕ್ ಕೊಡುತ್ತದೆ. ಡಿ5ರ ಕುದುರೆಯನ್ನು ಉಳಿಸಲು ರಾಜ ಇ6ಕ್ಕೆ, ಬೋರ್ಡಿನ ನಟ್ಟನಡುವಿಗೆ ಬರಬೇಕು. ನೋಡಲು ಭಾರೀ ಚೆಂದ.

ಆದರೆ ಒಳ್ಳೆಯ ಆಟಗಾರ ಕುದುರೆಯಿಂದ ಹೊಡೆಯುವುದಿಲ್ಲ. ಸಿ6ರ ಕುದುರೆಯನ್ನು ಎ5ಕ್ಕೆ ಸರಿಸಿ ಒಂಟೆಯನ್ನು ಕೆಣಕುತ್ತಾನೆ. ಒಂಟೆ ಬಿ5ಕ್ಕೆ ಹೋಗಿ ಚೆಕ್, ಕಪ್ಪು ಸಿ6, ಕಾಲಾಳು ಹೊಡೆದಾಟ, ಒಂಟೆ ಇ2ಕ್ಕೆ ವಾಪಸ್. ಕಪ್ಪು ಎಚ್6 ಒತ್ತುತ್ತದೆ, ಕುದುರೆ ಎಫ್3ಕ್ಕೆ ವಾಪಸ್. ಈಗ ಒಂಬತ್ತು ನಡೆ ಆಗಿದೆ. ಬಿಳಿ ಕುದುರೆ ಎರಡನೇ ನಡೆಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿದೆ. ಒಂದೇ ನಡೆಯಲ್ಲಿ ತಲುಪಬಹುದಾಗಿದ್ದ ಇ2ಕ್ಕೆ ಒಂಟೆ ಮೂರು ನಡೆಯಲ್ಲಿ ಬಂದಿದೆ. ಮುಂದಿನ ನಡೆಯಲ್ಲಿ ಕಪ್ಪು ಇ4 ಒತ್ತಿ ಆ ಬಡಪಾಯಿ ಕುದುರೆಯನ್ನು ಮತ್ತೆ ಓಡಿಸುತ್ತದೆ. ಕೈಯಲ್ಲಿ ಒಂದು ಕಾಲಾಳು ಜಾಸ್ತಿ ಇದೆ, ನಿಜ. ಕಪ್ಪಿನ ಎ5 ಕುದುರೆಯೂ ಮೂಲೆಯಲ್ಲಿ ಸೋತು ಕೂತಿದೆ, ಅದೂ ನಿಜ. ಆದರೆ ದಾಳಿ ಈಗ ಯಾರದು? ಕಪ್ಪಿನದು. ದೊಡ್ಡವರು ಈ ಸ್ಥಿತಿಯನ್ನು ಬಿಳಿಯಿಂದ ಸಂತೋಷವಾಗಿ ಆಡುತ್ತಾರೆ, ಕಾಲಾಳನ್ನು ಹಿಡಿದುಕೊಂಡು ಬಿರುಗಾಳಿ ತಡೆದುಕೊಳ್ಳುವ ತಾಳ್ಮೆ ಅವರಿಗಿದೆ. ಅಟ್ಯಾಕ್ ಕಲಿಯಲು ಬಂದ ಮಗುವಿಗೆ ಇದು ಸರಿಯಾದ ಪಾಠ ಅಲ್ಲ. ಜಿ5ಕ್ಕೆ ಕುದುರೆ ಬಂದಾಗ ಕಪ್ಪು ಡಿ5 ಬಿಟ್ಟು ಒಂಟೆಯನ್ನು ಸಿ5ಕ್ಕೆ ತಂದು, "ತಗೋ ಎಫ್7, ನಾನು ನಿನ್ನ ಎಫ್2 ತಗೊಳ್ತೀನಿ" ಅನ್ನುವ ಆಟವೂ ಇದೆ. ಟ್ರಾಕ್ಸ್‌ಲರ್ ಎಂಬ ಚೆಕ್ ದೇಶದ ಪಾದ್ರಿಯ ಹೆಸರಿನಲ್ಲಿದೆ. ಅದರ ಸಹವಾಸ ಇವತ್ತು ಬೇಡ.

ಹಾಗಾದರೆ ಯಾವುದು ಸರಿಯಾದ ಪಾಠ? ನನ್ನ ಉತ್ತರ ಎವನ್ಸ್ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಸಮಯ ಗಳಿಸಲು ಶುರುವಿನಲ್ಲೇ ಕಾಲಾಳನ್ನು ಬಿಟ್ಟುಕೊಡುವ ಆಟ. ವಿಲಿಯಂ ಡೇವಿಸ್ ಎವನ್ಸ್ ವೇಲ್ಸ್‌ನವರು, 1790ರಲ್ಲಿ ಹುಟ್ಟಿದವರು, ಹಡಗಿನ ಕ್ಯಾಪ್ಟನ್. ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಿಂದ ಐರ್ಲೆಂಡಿನ ವಾಟರ್‌ಫರ್ಡ್‌ಗೆ ಟಪಾಲು ಹಡಗು ನಡೆಸುತ್ತಿದ್ದರು. ಈ ಗ್ಯಾಂಬಿಟ್ ಹೊಳೆದದ್ದು 1820ರ ದಶಕದಲ್ಲಿ. ರಾತ್ರಿ ಹೊತ್ತು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲು ಮೂರು ಬಣ್ಣದ ದೀಪದ ವ್ಯವಸ್ಥೆ ಮಾಡಿದ್ದೂ ಇವರೇ. ಹಡಗಿಗೆ ಡಿಕ್ಕಿ ತಪ್ಪಿಸಿದ ಮನುಷ್ಯ ಬೋರ್ಡ್ ಮೇಲೆ ಬೇಕಂತಲೇ ಡಿಕ್ಕಿ ಮಾಡಿಸಿದರು ಅನ್ನಿ. ಇದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಲ್ಲಿ ಹುಟ್ಟಿದವರು, ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದು ಸಲ ನಡೆಸುವ ಬಂಧಗಳನ್ನು ರಚಿಸುತ್ತಾ ಕೂತಿದ್ದರು. ಮುಂಬೈಯೂ ಹಿಂದೆ ಇರಲಿಲ್ಲ. ಸಂಸ್ಕೃತದಿಂದ ಇಂಗ್ಲಿಷಿಗೆ ತಂದ ಚದುರಂಗದ ಪುಸ್ತಕವೊಂದು ಈ ಊರಿನಲ್ಲಿ 1814ರಲ್ಲೇ ಅಚ್ಚಾಗಿತ್ತು. ಚದುರಂಗ ಇಲ್ಲಿಗೆ ಕೋಚಿಂಗ್ ಕ್ಲಾಸಿನ ಜೊತೆ ಬಂದಿದ್ದಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ನಡೆಗಳಿಗೆ ಬರೋಣ. ಇ4 ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕಪ್ಪಿನ ಒಂಟೆಯೂ ಸಿ5ಕ್ಕೆ. ಈಗ ಬಿಳಿ ಬಿ4! ಕಾಲಾಳನ್ನು ಒಂಟೆಯ ಬಾಯಿಗೆ ಇಟ್ಟಹಾಗೆ. ಒಂಟೆ ತಿನ್ನುತ್ತದೆ. ಬಿಳಿ ಸಿ3 ಆಡಿ ಅದನ್ನು ಓಡಿಸುತ್ತದೆ. ಒಂಟೆ ಎ5ಕ್ಕೆ ಹೋಯಿತು ಅನ್ನೋಣ. ಬಿಳಿ ಡಿ4. ಕಪ್ಪು ಹೊಡೆಯಿತು, ಬಿಳಿ ಕೋಟೆ ಕಟ್ಟಿತು (ಕ್ಯಾಸಲಿಂಗ್), ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯ ಕಡೆಗೆ, ಆನೆಯನ್ನು ಅವನ ಪಕ್ಕಕ್ಕೆ ತಂದಿತು.

ಎಣಿಸಿ. ಕಪ್ಪಿನ ಒಂಟೆ ಸಿ5, ಬಿ4, ಎ5 ಅಂತ ಮೂರು ನಡೆ ಓಡಿದೆ. ಕುದುರೆ ಒಂದು ಹೊರಗಿದೆ. ರಾಜ ನಡುವಿನಲ್ಲೇ. ಬಿಳಿಯ ರಾಜ ಕೋಟೆಯೊಳಗೆ. ಒಂಟೆ, ಕುದುರೆ ಹೊರಗೆ. ಮಂತ್ರಿಗೆ ಬಿ3 ಸಿದ್ಧ, ಅಲ್ಲಿಂದ ಅದೂ ಎಫ್7 ನೋಡುತ್ತದೆ. ಈ ಸಲ ಮಂತ್ರಿಯನ್ನು ಓಡಿಸಲು ಪುಕ್ಕಟೆ ಕಾಲಾಳು ಯಾವುದೂ ಇಲ್ಲ.

ಇನ್ನೊಂದು ಇದೆ. ಇದನ್ನು ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ನೋಡುವುದಿಲ್ಲ. ಬಿ ಕಾಲಾಳು ಹೋಯಿತಲ್ವಾ? ಅದು ಹೋದ ಮೇಲೆ ಸಿ1ರಲ್ಲಿರುವ ಎರಡನೇ ಒಂಟೆಗೆ ಎ3 ಸಿಕ್ಕಿತು. ಎ3ರಲ್ಲಿ ನಿಂತರೆ ಬಿ4, ಸಿ5, ಡಿ6, ಇ7, ಎಫ್8 ಸಾಲು ಪೂರ್ತಿ ಅದರದ್ದು. ಆ ಸಾಲು ತೆರೆದಿದ್ದರೆ ಕಪ್ಪು ರಾಜ ತನ್ನ ಎಡಗೈ ಕಡೆಯ ಎಫ್8 ದಾಟಲಾರ, ಆ ಕಡೆ ಕೋಟೆ ಕಟ್ಟಲಾರ. ಎವನ್ಸ್ ಅಂದರೆ ಒಂದು ಒಂಟೆಯ ದಾಳಿ ಅಂತ ಎಲ್ಲರೂ ಕಲಿಸುತ್ತಾರೆ. ಅದು ಎರಡು ಒಂಟೆಯ ದಾಳಿ.

ಮಾಟುಂಗದಿಂದ ಡೊಂಬಿವಲಿಗೆ ಹೋಗುವವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲುವುದಿಲ್ಲ. ಸ್ಲೋ ಹತ್ತುತ್ತೀರಿ, ಪುಣ್ಯಕ್ಕೆ ಸೀಟೂ ಸಿಗುತ್ತದೆ. ಕುರ್ಲಾ ಬಂದಾಗ ಆ ಸೀಟು ಬಿಟ್ಟು ಇಳಿದು ಫಾಸ್ಟ್ ಹಿಡಿಯಬೇಕೋ ಬೇಡವೋ? ಸೀಟು ಕೈಯಲ್ಲಿರುವ ಕಾಲಾಳು, ಫಾಸ್ಟ್ ನಿಮಗೆ ಸಿಗುವ ಸಮಯ. ಬಿಟ್ಟವರು ಬೇಗ ಮನೆ ಸೇರುತ್ತಾರೆ. ಆದರೆ ಫಾಸ್ಟ್ ಹಿಡಿದವರು ಪ್ಲಾಟ್‌ಫಾರ್ಮ್‌ನಲ್ಲಿ ವಡಾಪಾವ್ ತಿನ್ನುತ್ತಾ ನಿಲ್ಲುವಂತಿಲ್ಲ. ಕಾಲಾಳು ಕೊಟ್ಟ ಮೇಲೆ ಬಿಳಿ ಎರಡು ಮೂರು ಮೆತ್ತನೆಯ ನಡೆ ಆಡಿದರೆ ಕಪ್ಪು ಕಾಯಿಗಳನ್ನು ಹೊರಗೆ ತಂದು ಕೋಟೆ ಕಟ್ಟಿ ಮುಗಿಸುತ್ತದೆ. ಆಗ ಸೀಟೂ ಇಲ್ಲ, ಸಮಯವೂ ಇಲ್ಲ.

ಈಗ ಒಂದು ಆಟವನ್ನು ನಿಧಾನವಾಗಿ ನೋಡೋಣ. ಬರ್ಲಿನ್, 1852. ಬಿಳಿ ಅಡಾಲ್ಫ್ ಆಂಡರ್ಸನ್, ಕಪ್ಪು ಜೀನ್ ದುಫ್ರೆನ್. ಇದಕ್ಕೆ "ಎವರ್‌ಗ್ರೀನ್" ಅಂತ ಹೆಸರು. ಮೊದಲ ಏಳು ನಡೆ ನಾವು ಈಗ ಆಡಿದ್ದೇ. ಏಳನೆಯದಾಗಿ ಕಪ್ಪು ಕಾಲಾಳನ್ನು ಡಿ3ಕ್ಕೆ ತಳ್ಳಿತು. ಮಂತ್ರಿ ಬಿ3ಕ್ಕೆ ಬಂದು ಎಫ್7 ನೋಡಿತು. ಕಪ್ಪು ಮಂತ್ರಿ ಎಫ್6ಕ್ಕೆ ಕಾವಲಿಗೆ ಬಂತು. ಬಿಳಿ ಇ5 ತಳ್ಳಿ ಅದನ್ನು ಜಿ6ಕ್ಕೆ ಓಡಿಸಿತು. ಆನೆ ಇ1ಕ್ಕೆ. ಕಪ್ಪಿನ ಎರಡನೇ ಕುದುರೆ ಇ7ಕ್ಕೆ.

ಹನ್ನೊಂದನೇ ನಡೆ: ಒಂಟೆ ಎ3. ಈ ಒಂಟೆಯ ಮೇಲೆ ಬೆರಳಿಟ್ಟುಕೊಳ್ಳಿ, ತೆಗೆಯಬೇಡಿ.

ಆಮೇಲೆ ಬೋರ್ಡ್ ತುಂಬಾ ಗದ್ದಲ. ಕಪ್ಪು ಕಾಲಾಳು ಬಿಟ್ಟುಕೊಟ್ಟು ಆನೆಗೆ ಬಿ ಸಾಲು ತೆರೆಯಿತು. ಬಿಳಿ ಕುದುರೆ ಡಿ2, ಇ4 ಮೂಲಕ ಬಂದು ಎಫ್6ರಲ್ಲಿ ಚೆಕ್ ಕೊಟ್ಟು ಸತ್ತಿತು. ಇ5ರ ಕಾಲಾಳು ಎಫ್6ಕ್ಕೆ ಹೊಡೆದು ಕೂತಿತು. ಕಪ್ಪು ಆನೆ ಜಿ8ಕ್ಕೆ ಬಂದು ಬಿಳಿ ರಾಜನ ಎದುರು ಜಿ2ನ್ನು ನೋಡಿತು. ಹತ್ತೊಂಬತ್ತನೇ ನಡೆಯಲ್ಲಿ ಆಂಡರ್ಸನ್ ಸದ್ದಿಲ್ಲದೆ ಎ1ರ ಆನೆಯನ್ನು ಡಿ1ಕ್ಕೆ ಸರಿಸಿದರು. ಈ ನಡೆ ಸರಿಯೇ, ಇದಕ್ಕಿಂತ ಒಳ್ಳೆಯದು ಇತ್ತೇ ಅಂತ ತಜ್ಞರು ಜಗಳ ಆಡುತ್ತಲೇ ಇದ್ದಾರೆ. ಆಡಲಿ. ದುಫ್ರೆನ್ ಮಂತ್ರಿಯಿಂದ ಎಫ್3ರ ಕುದುರೆಯನ್ನು ಹೊಡೆದರು. ಈಗ ಕಪ್ಪಿಗೆ ಒಂದು ನಡೆ ಸಿಕ್ಕರೆ ಸಾಕು, ಜಿ2ರಲ್ಲಿ ಬಿಳಿಗೆ ಮೇಟ್.

ಆ ಒಂದು ನಡೆ ಸಿಗಲಿಲ್ಲ. ಬಿಳಿ ಆನೆ ಇ7ರ ಕುದುರೆಯನ್ನು ಹೊಡೆದು ಚೆಕ್. ಇನ್ನೊಂದು ಕುದುರೆ ಆ ಆನೆಯನ್ನು ಹೊಡೆಯಿತು. ಬಿಳಿ ಮಂತ್ರಿ ಡಿ7ರಲ್ಲಿ ಹೊಡೆದು ಚೆಕ್. ಮಂತ್ರಿಯನ್ನೇ ಕೊಟ್ಟರು! ರಾಜ ತಿನ್ನಲೇಬೇಕು. ಗದ್ದಲದ ನಡುವೆ ಡಿ3ರ ಕಾಲಾಳನ್ನು ತಿಂದು ಅಲ್ಲೇ ನಿಂತಿದ್ದ ಒಂಟೆ ಎಫ್5ಕ್ಕೆ. ಒಂಟೆಯದೊಂದು ಚೆಕ್, ಹಿಂದೆ ತೆರೆದ ಡಿ ಸಾಲಿನಲ್ಲಿ ಆನೆಯದೊಂದು ಚೆಕ್. ಸದ್ದಿಲ್ಲದೆ ಬಂದು ಕೂತ ಆನೆ ಏನು ಮಾಡುತ್ತಿತ್ತು ಅಂತ ಈಗ ಗೊತ್ತಾಯಿತಾ? ರಾಜ ಇ8ಕ್ಕೆ. ಒಂಟೆ ಡಿ7ಕ್ಕೆ, ಚೆಕ್. ರಾಜ ಎಫ್8ಕ್ಕೆ.

ನಿಮ್ಮ ಬೆರಳು ಇನ್ನೂ ಎ3ರ ಮೇಲೆ ಇದೆಯಾ? ಈಗ ಎತ್ತಿ. ಆ ಒಂಟೆ ಇ7ರ ಕುದುರೆಯನ್ನು ಹೊಡೆಯುತ್ತದೆ. ಮೇಟ್. ಇಪ್ಪತ್ನಾಲ್ಕನೇ ನಡೆ. ಹನ್ನೊಂದನೇ ನಡೆಯಲ್ಲಿ ಬಂದು ಕೂತ ಒಂಟೆ ಮಧ್ಯದಲ್ಲಿ ಒಂದು ಸಲವೂ ಅಲುಗಲಿಲ್ಲ. ಅದರ ಮುಂದಿನ ನಡೆಯೇ ಮೇಟ್. ರಾಜನಿಗೆ ಇ8 ಇಲ್ಲ, ಡಿ7ರ ಒಂಟೆ ನೋಡುತ್ತಿದೆ. ಜಿ7 ಇಲ್ಲ, ಎಫ್6ರ ಕಾಲಾಳು ನೋಡುತ್ತಿದೆ. ಜಿ8ರಲ್ಲಿ ಅವನದೇ ಆನೆ. ಆ ಎಫ್6ರ ಕಾಲಾಳೇ ಇ7ರ ಒಂಟೆಗೂ ಬೆಂಬಲ. ಮೂರು ಚಿಕ್ಕ ಕಾಯಿಗಳಲ್ಲಿ ಕೆಲಸ ಮುಗಿಯಿತು, ಕಪ್ಪು ಮಂತ್ರಿ ಬೋರ್ಡ್ ಮೇಲೆ ಹಾಗೇ ಇದೆ. ಬಿ4ರ ಕಾಲಾಳನ್ನು ಯಾಕೆ ಕೊಟ್ಟರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇಷ್ಟು ಒಳ್ಳೆಯದಾಗಿದ್ದರೆ ಎಲ್ಲರೂ ಇದನ್ನೇ ಯಾಕೆ ಆಡುವುದಿಲ್ಲ? ಒಂದು ಕಾಲದಲ್ಲಿ ಆಡುತ್ತಿದ್ದರು. 1889ರಲ್ಲಿ ಹವಾನಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಿಖಾಯಿಲ್ ಚಿಗೊರಿನ್ ಬಿಳಿ ಸಿಕ್ಕಾಗ ಮತ್ತೆ ಮತ್ತೆ ಎವನ್ಸನ್ನೇ ಹಿಡಿದರು. ಗೆದ್ದದ್ದು ಎದುರಾಳಿ ಸ್ಟೀನಿಟ್ಸ್. ಆಮೇಲೆ ಜರ್ಮನಿಯ ಆಟಗಾರ ಇಮ್ಯಾನುಯೆಲ್ ಲಾಸ್ಕರ್ ಬಂದು ತಣ್ಣೀರು ಎರಚಿದರು. ಒಂಟೆ ಎ5ಕ್ಕೆ ಹೋದ ಮೇಲೆ ಡಿ6 ಆಡು, ಒಂಟೆಯನ್ನು ಬಿ6ಕ್ಕೆ ಸರಿಸು, ತಗೊಂಡ ಕಾಲಾಳನ್ನು ವಾಪಸ್ ಕೊಟ್ಟುಬಿಡು. ಮಂತ್ರಿಗಳು ಬದಲಾಗುತ್ತವೆ, ದಾಳಿ ಇಲ್ಲವಾಗುತ್ತದೆ, ಬಿಳಿಯ ಎ ಮತ್ತು ಸಿ ಕಾಲಾಳುಗಳು ಒಂಟಿಯಾಗಿ ನಿಂತಿರುತ್ತವೆ. ಕಪ್ಪಿಗೆ ಎಂಡ್‌ಗೇಮ್, ಅಂದರೆ ಆಟದ ಕೊನೆಯ ಹಂತ, ಸುಖ. ಸಾಲ ತೀರಿಸಿಬಿಟ್ಟವನ ಮನೆಗೆ ವಸೂಲಿಗೆ ಯಾರು ಹೋಗುತ್ತಾರೆ? ಅದಕ್ಕೇ ಇವತ್ತು ಬಿಳಿ ಬೇಗ ಡಿ4 ಆಡಿ, ಕಪ್ಪು ಡಿ6 ಅಂದರೆ ಮಂತ್ರಿಯನ್ನು ಬಿ3ಕ್ಕೆ ತಂದು ಮಂತ್ರಿ ಬದಲಾವಣೆಯನ್ನು ತಪ್ಪಿಸುತ್ತದೆ. ಇಷ್ಟು ಗೊತ್ತಿದ್ದರೆ ಶಾಲಾ ಮಟ್ಟಕ್ಕೆ ಸಾಕು.

ಸತ್ತೇ ಹೋಯಿತು ಅಂದುಕೊಂಡ ಗ್ಯಾಂಬಿಟ್ಟನ್ನು 1995ರಲ್ಲಿ ಗ್ಯಾರಿ ಕಾಸ್ಪರೊವ್ ಎಬ್ಬಿಸಿ ಕೂರಿಸಿದರು. ಊರು ರೀಗಾ, ಮಿಖಾಯಿಲ್ ಟಾಲ್ ನೆನಪಿನ ಸ್ಪರ್ಧೆ. ಎದುರಿಗೆ ನಮ್ಮ ವಿಶ್ವನಾಥನ್ ಆನಂದ್. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಇಬ್ಬರ ನಡುವೆ ವಿಶ್ವ ಚಾಂಪಿಯನ್‌ಶಿಪ್ ನಡೆಯಲಿತ್ತು. ಆನಂದ್ ಕಾಲಾಳು ತಗೊಂಡರು, ಸಿ3 ಬಂದಾಗ ಒಂಟೆಯನ್ನು ಎ5ರ ಬದಲು ಇ7ಕ್ಕೆ ಇಳಿಸಿದರು. ಒಳ್ಳೆಯ ನಡೆ, ರಾಜನ ಪಕ್ಕದಲ್ಲೇ ಕಾವಲು. ಡಿ4 ಬಂದಾಗ ಕುದುರೆಯನ್ನು ಎ5ಕ್ಕೆ ತಂದು ಸಿ4ರ ಒಂಟೆಯನ್ನು ಕೆಣಕಿದರು. ಕಾಸ್ಪರೊವ್ ಅದನ್ನು ಇ2ಕ್ಕೆ ಹಿಂದೆ ಕರೆದುಕೊಂಡರು.

ಅಲ್ಲಿಗೆ ಒಂಟೆಯ ದಾಳಿ ಮುಗಿಯಿತು ಅನ್ನಿಸುತ್ತದೆ. ಆದರೆ ಕಪ್ಪಿನ ಮೊದಲ ಹದಿನಾಲ್ಕು ನಡೆ ಎಣಿಸಿ. ಒಂಟೆಗೆ ಮೂರು: ಸಿ5, ಬಿ4, ಇ7. ಮೊದಲೇ ಒಂದು ನಡೆಯಲ್ಲಿ ಬರಬಹುದಾಗಿದ್ದ ಮನೆ ಅದು. ಒಂದು ಕುದುರೆ ಸಿ6, ಎ5, ಮತ್ತೆ ಸಿ6. ಇನ್ನೊಂದು ಎಫ್6, ಡಿ5, ಬಿ6, ಡಿ7. ಹದಿನಾಲ್ಕರಲ್ಲಿ ಹತ್ತು ನಡೆ ಮೂರೇ ಕಾಯಿಗೆ ಹೋಯಿತು. ಅಷ್ಟರಲ್ಲಿ ಬಿಳಿ ಕೋಟೆ ಕಟ್ಟಿ, ಆನೆಯನ್ನು ಡಿ1ಕ್ಕೆ ತಂದು, ಮಂತ್ರಿಯನ್ನು ಜಿ3ರಲ್ಲಿ ಕೂರಿಸಿ ಆಗಿತ್ತು. ಹದಿನೈದನೇ ನಡೆ ನೋಡಿ: ಒಂಟೆ ಎಚ್6. ಮತ್ತೆ ಆ ಎರಡನೇ ಒಂಟೆಯೇ! ಎಫ್8 ಅದರ ಕಣ್ಣಿನಲ್ಲಿದೆ, ಕಪ್ಪು ಆ ಕಡೆ ಕೋಟೆ ಕಟ್ಟುವಂತಿಲ್ಲ. ಆನಂದ್ ಕೊನೆಯವರೆಗೂ ಕೋಟೆ ಕಟ್ಟಲಿಲ್ಲ. ಇಪ್ಪತ್ತೈದನೇ ನಡೆಗೆ ಆಟ ಬಿಟ್ಟುಕೊಟ್ಟರು. ಆನಂದ್ ಅಂಥವರಿಗೇ ಸಮಯದ ಸಾಲ ಇಷ್ಟು ಭಾರವಾಯಿತು ಅಂದಮೇಲೆ ಹತ್ತು ವರ್ಷದ ಹುಡುಗನಿಗೆ ಎಷ್ಟಾಗಬೇಡ?

ಇದನ್ನು ಕಲಿಯುವುದು ಹೇಗೆ? ನಡೆ ಬಾಯಿಪಾಠ ಮಾಡಬೇಡಿ. ಏಳನೇ ನಡೆಯವರೆಗೆ ಗೊತ್ತಿದ್ದರೆ ಸಾಕು. ಕಪ್ಪು ಒಂಟೆ ಎ5, ಇ7, ಸಿ5 ಈ ಮೂರು ಮನೆಗೆ ಹೋದಾಗ ಏನು ಅನ್ನುವುದನ್ನು ನೋಡಿಕೊಳ್ಳಿ, ಆಮೇಲೆ ಸ್ವಂತ ತಲೆ. ಏಳನೇ ನಡೆ ಆದ ಕೂಡಲೇ ಅರ್ಧ ನಿಮಿಷ ಕೈ ಕಟ್ಟಿ ಕೂತು ಎಣಿಸಿ: ನನ್ನ ಕಾಯಿ ಎಷ್ಟು ಹೊರಗೆ, ಅವನದು ಎಷ್ಟು, ಅವನ ರಾಜ ಎಲ್ಲಿ. ಎರಡು ನಡೆಯ ಮುಂದಿದ್ದರೆ ಸಾಲು ತೆರೆಯಿರಿ, ಹೊಡೆದಾಟಕ್ಕೆ ಇಳಿಯಿರಿ. ಸಮ ಇದ್ದರೆ ದಾಳಿ ಮಾಡಬೇಡಿ, ಕೊಟ್ಟ ಕಾಲಾಳನ್ನು ವಾಪಸ್ ಪಡೆಯುವ ದಾರಿ ಹುಡುಕಿ. ಒಂದು ದಿನ ಬಿಳಿಯಿಂದ ಆಡಿದರೆ ಮರುದಿನ ಕಪ್ಪಿನಿಂದ ಆಡಿ. ದಾಳಿ ಎಲ್ಲಿ ಸೋರುತ್ತದೆ ಅನ್ನುವುದು ಕಪ್ಪಿನ ಕಡೆ ಕೂತಾಗಲೇ ಕಾಣುವುದು.

ಕಂಪ್ಯೂಟರ್ ಬಗ್ಗೆ ಒಂದು ಮಾತು, ಹಿಂದಿನ ಸಾಲಿನವರಿಗೆ. ಸ್ಟಾಕ್‌ಫಿಶ್ ಅನ್ನುವ ಚದುರಂಗದ ಪ್ರೋಗ್ರಾಂ ಹಾಕಿ ನೋಡಿದರೆ ಎವನ್ಸ್‌ನಲ್ಲಿ ಬಿಳಿಗೆ ಲಾಭ ಇಲ್ಲ, ಹೆಚ್ಚು ಕಡಿಮೆ ಸಮ ಅಂತ ಬರುತ್ತದೆ. ಕೆಲವು ಪೋಷಕರು ಅದನ್ನು ನನಗೆ ಕಳಿಸಿ "ಸರ್, ಇದು ವೇಸ್ಟ್ ಅಂತೆ" ಅನ್ನುತ್ತಾರೆ. ಆ ಯಂತ್ರ ಕಪ್ಪಿನಿಂದ ಸರಿಯಾದ ನಡೆಗಳನ್ನೇ ಸಾಲಾಗಿ ಆಡುತ್ತದೆ. ನಿಮ್ಮ ಮಗನ ಎದುರು ಕೂತಿರುವುದು ಮುಲುಂಡಿನ ಇನ್ನೊಬ್ಬರ ಮಗ. ಆಟ ಮುಗಿದ ಮೇಲೆ, ಮಗು ತನಗೆ ಅನ್ನಿಸಿದ್ದನ್ನು ಹೇಳಿದ ಮೇಲೆ, ಯಂತ್ರ ಹಾಕಿ. ಮೊದಲೇ ಹಾಕಿದರೆ ಎಣಿಸುವ ಕೆಲಸ ಅದು ಮಾಡುತ್ತದೆ, ಮಗು ನೋಡುತ್ತಾ ಕೂರುತ್ತದೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಹಿರಿಯರೊಬ್ಬರು ಕೇಳಿದರು: "ನಮ್ಮ ಊರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗ್ತಿತ್ತು. ಆ ಆಟದಲ್ಲಿ ಬೆಳೆದವರಿಗೆ ಈ ಅವಸರ ಎಲ್ಲಾ ಒಗ್ಗುತ್ತಾ ಮಾರಾಯ್ರೇ?" ಒಗ್ಗುತ್ತೆ ರಾಯರೇ. ಆ ನಿಯಮದಲ್ಲಿ ಇ4 ತಲುಪಲು ಎರಡು ನಡೆ ಬೇಕು, ಶುರುವಿನ ದಾಳಿ ನಿಧಾನ, ನಿಜ. ಆದರೆ ಮೀರ್ ಸುಲ್ತಾನ್ ಖಾನ್ ಕಲಿತದ್ದು ನಮ್ಮ ದೇಸಿ ನಿಯಮದಲ್ಲೇ. ಅವರು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನೀವು ಮೊಮ್ಮಗನ ಜೊತೆ ಎರಡೂ ನಿಯಮದಲ್ಲಿ ಆಡಿ. ಒಂದು ನಡೆಯ ಬೆಲೆ ಎಷ್ಟು ಅಂತ ಅವನಿಗೆ ನನ್ನ ಮಾತಿಗಿಂತ ಬೇಗ ಗೊತ್ತಾಗುತ್ತದೆ.

ಒಬ್ಬ ತಾಯಿ: "ನನ್ನ ಮಗಳು ಸ್ವಲ್ಪ ಸೌಮ್ಯ ಸ್ವಭಾವ ಸರ್. ಅವಳಿಗೆ ಈ ಆಟ ಸರಿ ಹೋಗುತ್ತಾ?" ಅಮ್ಮಾ, ಸ್ವಭಾವ ಕಾಯಿಗಳಿಗೆ ಗೊತ್ತಾಗುವುದಿಲ್ಲ. ಇದೇ ಮುಂಬೈಯ ರೋಹಿಣಿ ಖಾಡಿಲ್ಕರ್ 1976ರಲ್ಲಿ, ಇನ್ನೂ 13 ವರ್ಷದವರಿದ್ದಾಗ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಆಡಿದರು. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಎರಡೂ ಕಡೆ ನಮ್ಮವರೇ ಇದ್ದರು, ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್. ಸೌಮ್ಯವಾಗಿರುವ ಮಕ್ಕಳು ಅರ್ಧ ನಿಮಿಷ ಕೈ ಕಟ್ಟಿ ಕೂರುತ್ತಾರೆ. ನನಗೆ ಕಷ್ಟ ಆಗುವುದು ಕೂರದ ಮಕ್ಕಳಿಂದ.

ಮೂರನೆಯದು ಮುಂದಿನ ಸಾಲಿನ ಹುಡುಗನದು, ಎಲ್ಲಕ್ಕಿಂತ ಚುರುಕು ಪ್ರಶ್ನೆ: "ಸರ್, ನಾನು ಬಿ4 ಕೊಟ್ಟೆ. ಅವನು ತಗೊಳ್ಳಲೇ ಇಲ್ಲ, ಒಂಟೆಯನ್ನು ಬಿ6ಕ್ಕೆ ಸರಿಸಿದ. ಈಗ?" ಈಗ ಎ4 ಒತ್ತು. ಮುಂದೆ ಎ5 ಬಂದರೆ ಒಂಟೆಗೆ ಉಸಿರು ಕಟ್ಟುತ್ತದೆ, ಅದಕ್ಕೆ ಅವನು ಸಾಮಾನ್ಯವಾಗಿ ಎ6 ಆಡಿ ಎ7ರಲ್ಲಿ ಜಾಗ ಮಾಡಿಕೊಳ್ಳುತ್ತಾನೆ. ನೀನು ಕಾಲಾಳು ಕೊಟ್ಟಿಲ್ಲ, ಹಾಗಾಗಿ ಓಡಬೇಕಾಗಿಲ್ಲ. ಸಿ3, ಡಿ3 ಆಡು, ಕೋಟೆ ಕಟ್ಟು, ಎಡಗಡೆ ಜಾಗ ನಿನ್ನದು.

ಸರಿ, ಬೋರ್ಡ್ ಹಾಕಿ. ಮೊದಲ ಆಟದಲ್ಲಿ ಕಪ್ಪಿನವರು ಬಿ4ನ್ನು ತಗೊಳ್ಳಲೇಬೇಕು, ಒಂಟೆ ಇ7ಕ್ಕೆ ಬರಬೇಕು. ಎರಡನೇ ಆಟಕ್ಕೆ ಬಣ್ಣ ಬದಲು. ಏಳನೇ ನಡೆ ಆದ ಮೇಲೆ ಎಲ್ಲರೂ ಗಡಿಯಾರ ನಿಲ್ಲಿಸಿ, ಎಣಿಸಿದ್ದನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ.